ಮಕ್ಕಳ ರಕ್ತನಾಳದ ಉರಿಯೂತ ಮತ್ತು ಸ್ನಾಯುಗಳು

ಜ್ವರ ಬಂದ ಮಗುವಿಗೆ ಮೈಕೈ ನೋಯುವುದು ಸಹಜ. ಆದರೆ ಐದು ದಿನವಾದರೂ ಜ್ವರ ಇಳಿಯದೆ, ಮಗು ಹೆಜ್ಜೆಯಿಡಲೊಲ್ಲದೆ ಅಳುತ್ತಿದ್ದರೆ ಅದನ್ನು ಬರಿಯ ಹಟವೆಂದು ಬಗೆಯಲಾಗದು. ನಾನು ಕಲಾ ವಿಭಾಗದ ವಿದ್ಯಾರ್ಥಿ. ಆದರೂ ಮನೆಯಲ್ಲಿ ಮಕ್ಕಳಿರುವವರೆಲ್ಲರೂ ತಿಳಿದಿರಬೇಕಾದ ವಿಷಯವೆಂದು ಇದನ್ನು ಆರಿಸಿಕೊಂಡಿದ್ದೇನೆ.

ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕಾವಾಸಾಕಿಯವರು 1961ರಲ್ಲಿ ಒಬ್ಬ ಬಾಲಕನಲ್ಲಿ ಹೊಸ ಬಗೆಯ ಜ್ವರವನ್ನು ಕಂಡರು. 1967ರಲ್ಲಿ ಅಂತಹ 50 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಕಣ್ಣು ಕೆಂಪಾಗುವುದು, ತುಟಿ ಬಿರಿಯುವುದು, ಮೈಮೇಲೆ ಗಂಧೆ, ಅಂಗೈ ಅಂಗಾಲುಗಳ ಬಾವು, ಕತ್ತಿನಲ್ಲಿ ಗಂಟು ಇವು ಅದರ ಲಕ್ಷಣಗಳು. ನೋಡಿದವರು ದಡಾರವೆಂದೇ ತಿಳಿಯಬಹುದು. ನಿಜವಾಗಿ ಅದು ರಕ್ತನಾಳಗಳ ಉರಿಯೂತ.

ಸ್ನಾಯುಗಳಿಗೆ ಆಹಾರವೂ ಪ್ರಾಣವಾಯುವೂ ರಕ್ತನಾಳಗಳಿಂದಲೇ ಒದಗುತ್ತವೆ. ಆದ್ದರಿಂದ ಉರಿಯೂತ ಅಪರೂಪವಾಗಿ ತೊಡೆ, ಮೀನಖಂಡಗಳಿಗೂ ಹಬ್ಬಿ ನೋವು, ನಿಶ್ಶಕ್ತಿ ತರುತ್ತದೆ. ಆದರೆ ನಾವು ಮರೆಯುವ ಸ್ನಾಯು ಇನ್ನೊಂದಿದೆ, ಅದೇ ಹೃದಯ. ರೋಗದ ಮೊದಲ ದಿನಗಳಲ್ಲೇ ಹೃದಯದ ಸ್ನಾಯು ಬಾತು ಬಲಗುಂದಬಹುದು. ಅದಕ್ಕೆ ರಕ್ತವೊಯ್ಯುವ ಪರಿಧಮನಿಗಳು ಉಬ್ಬಬಹುದು. ಚಿಕಿತ್ಸೆಯಿಲ್ಲದಿದ್ದರೆ ಸುಮಾರು ನಾಲ್ಕರಲ್ಲೊಂದು ಮಗುವಿಗೆ ಪರಿಧಮನಿಯ ತೊಂದರೆ ತಪ್ಪದು.

ಗಡಿಯಲ್ಲಿರುವ ನಮ್ಮ ಕೊಗನೊಳ್ಳಿಗೆ ಈ ವಿಷಯ ದೂರದ್ದಲ್ಲ. 2021ರಲ್ಲಿ ಇಲ್ಲಿಯ ತಪಾಸಣಾ ನಾಕೆಯಲ್ಲಿ ಮಹಾರಾಷ್ಟ್ರದಿಂದ ಬರುವವರ ಕೋವಿಡ್ ವರದಿ ನೋಡಿ ಒಳಬಿಡುತ್ತಿದ್ದರು. ಮಕ್ಕಳಿಗೆ ಕೋವಿಡ್ ಹೆಚ್ಚು ಬಾಧಿಸದೆಂಬ ನೆಮ್ಮದಿ ಆಗ ಎಲ್ಲರಲ್ಲೂ ಇತ್ತು. ಆದರೆ ಸೋಂಕು ತಗುಲಿದ 2ರಿಂದ 6 ವಾರಗಳ ಮೇಲೆ ಕೆಲವೇ ಮಕ್ಕಳಲ್ಲಿ ಕಾವಾಸಾಕಿ ರೋಗವನ್ನು ಹೋಲುವ ಉರಿಯೂತ ಕಾಣಿಸಿತು. ಅದನ್ನು ವೈದ್ಯರು 2020ರಲ್ಲೇ ಗುರುತಿಸಿದ್ದರು. ಅಲ್ಲಿಯೂ ಪೆಟ್ಟು ಬಿದ್ದುದು ಬಹಳವಾಗಿ ಹೃದಯದ ಸ್ನಾಯುವಿಗೇ.

ಸಮಾಧಾನದ ಸಂಗತಿಯೆಂದರೆ ಕಾವಾಸಾಕಿ ರೋಗಕ್ಕೆ ಚಿಕಿತ್ಸೆಯಿದೆ. ಜ್ವರ ಹತ್ತಿದ 10 ದಿನಗಳೊಳಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟರೆ ಪರಿಧಮನಿಯ ಅಪಾಯ ನೂರಕ್ಕೆ ಐದರಷ್ಟಕ್ಕೆ ಇಳಿಯುತ್ತದೆ. ಜೊತೆಗೆ ಆಸ್ಪಿರಿನ್ನನ್ನೂ ಕೊಡುವುದುಂಟು; ಆದರೆ ಅದನ್ನು ವೈದ್ಯರು ಹೇಳದೆ ಮನೆಯಲ್ಲಿ ಮಕ್ಕಳಿಗೆ ಕೊಡಕೂಡದು. ಹೃದಯದ ಸ್ಥಿತಿಯನ್ನು ಎಕೋ ಪರೀಕ್ಷೆಯಿಂದ ತಿಳಿಯಬಹುದು.

ಈ 10 ದಿನಗಳೇ ಮುಖ್ಯ. ಅಂಗಡಿಯ ಜ್ವರದ ಔಷಧಿಯಲ್ಲಿ ನಾಲ್ಕು ದಿನ, ದೃಷ್ಟಿ ತೆಗೆಯುವುದರಲ್ಲಿ ಎರಡು ದಿನ, ನಿಪ್ಪಾಣಿಗೋ ಕೊಲ್ಲಾಪುರಕ್ಕೋ ಬೆಳಗಾವಿಗೋ ಎಂಬ ಯೋಚನೆಯಲ್ಲಿ ಮತ್ತೆರಡು ದಿನ ಕಳೆದರೆ ಉಳಿಯುವುದೇನು? ಐದನೆಯ ದಿನವೂ ಜ್ವರವಿದ್ದು ಮೇಲಿನ ಲಕ್ಷಣಗಳಲ್ಲಿ ಕೆಲವಾದರೂ ಕಂಡರೆ, ಅಥವಾ ಮಗು ಕಾಲೂರಲು ಅಂಜಿದರೆ, ಅಂದೇ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಓದು ಬಲ್ಲವರಾದ ನಾವು ನಮ್ಮ ಓಣಿಯಲ್ಲಿ ಇಷ್ಟನ್ನಾದರೂ ತಿಳಿಯಹೇಳಬಹುದಲ್ಲವೆ?