ಊರಿಗೆ ಹೋದಾಗ ತೋರಿಸೋಣ ಎನ್ನುವ ಮುನ್ನ

ಛತ್ರಪತಿ ಸಂಭಾಜಿನಗರದಲ್ಲಿ ಕ್ಯಾನ್ಸರ್ ರೋಗಿಗಳ ಅಂಕಿಅಂಶ ದಾಖಲಿಸುವುದು ನನ್ನ ಕೆಲಸ. ನಾಸಿಕದಲ್ಲಿರುವ ತಂಗಿ ಒಮ್ಮೆ ಮಗಳ ಮೊದಲ ಹುಟ್ಟುಹಬ್ಬದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಳು. ಮಗುವಿನ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ ಹೊಳೆಯುತ್ತಿತ್ತು.

‘ಫ್ಲ್ಯಾಷ್ ಬಿದ್ದೈತಿ ಅಷ್ಟ ಅಣ್ಣಾ. ದೀಪಾವಳಿಗೆ ಊರಿಗೆ ಹೋದಾಗ ತೋರಸ್ತೀವಿ’ ಎಂದಳು.

ನಾಳೆಯೇ ತೋರಿಸು ಎಂದು ಹಟ ಹಿಡಿದೆ. ಅದು ರೆಟಿನೊಬ್ಲಾಸ್ಟೊಮಾ, ಅಕ್ಷಿಪಟಲದ ಕ್ಯಾನ್ಸರ್. ಕಣ್ಣು ತೆಗೆಯಬೇಕಾಯಿತು, ಮಗು ಉಳಿಯಿತು.

ಸುಮಾರು 16ರಿಂದ 18 ಸಾವಿರ ಜನನಗಳಿಗೆ ಒಂದರಂತೆ ಈ ಕಾಯಿಲೆ ಬರುತ್ತದೆ. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಈ ಪ್ರಮಾಣ ದೇಶದಿಂದ ದೇಶಕ್ಕೆ ಅಷ್ಟೇನೂ ಬದಲಾಗದು. ಬದಲಾಗುವುದು ಬದುಕುಳಿಯುವವರ ಸಂಖ್ಯೆ. ಶ್ರೀಮಂತ ದೇಶಗಳಲ್ಲಿ 100ರಲ್ಲಿ 95ಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ. ನಮ್ಮಲ್ಲಿ ಅನೇಕರು ಆಸ್ಪತ್ರೆಗೆ ಬರುವಷ್ಟರಲ್ಲಿ ಗೆಡ್ಡೆ ಕಣ್ಣನ್ನು ದಾಟಿರುತ್ತದೆ.

ವಲಸಿಗರಾದ ನಮಗೆ ಇನ್ನೊಂದು ತೊಡಕು. ಬೆಂಗಳೂರಿನಂತೆ ಇಲ್ಲೂ ಕ್ಯಾನ್ಸರ್ ನೋಂದಣಿ ಇದೆ. ಕನಿಷ್ಠ ಒಂದು ವರ್ಷ ನೆಲೆಸಿದವರು ಆಯಾ ಊರಿನ ಲೆಕ್ಕಕ್ಕೆ ಸೇರುತ್ತಾರೆ. ಆದರೆ ‘ಊರು ಯಾವುದು?’ ಎಂದರೆ ನಾವು ಹೇಳುವುದು ಜಮಖಂಡಿಯನ್ನೇ. ತಂಗಿಯೂ ಆಸ್ಪತ್ರೆಯಲ್ಲಿ ಹಾಗೇ ಬರೆಸಿದ್ದಳು. ಹೀಗೆ ಇರುವ ಊರಿನ ಲೆಕ್ಕದಿಂದ ಮಗು ತಪ್ಪಿಹೋಗಬಹುದು. ಲೆಕ್ಕ ತಪ್ಪಿದರೆ ಎಲ್ಲಿ ಎಷ್ಟು ಚಿಕಿತ್ಸೆಯ ವ್ಯವಸ್ಥೆ ಬೇಕೆಂಬ ಅಂದಾಜೂ ತಪ್ಪುತ್ತದೆ.

ಫೋಟೊದಲ್ಲಿ ಬಿಳಿ ಹೊಳಪು, ಹೊಸದಾಗಿ ಕಂಡ ಮೆಳ್ಳಗಣ್ಣು: ಎರಡರಲ್ಲಿ ಯಾವುದಿದ್ದರೂ ಇರುವ ಊರಿನಲ್ಲೇ, ಈ ವಾರವೇ ಕಣ್ಣಿನ ವೈದ್ಯರಿಗೆ ತೋರಿಸಿ. ದೀಪಾವಳಿ ಪ್ರತಿ ವರ್ಷ ಬರುತ್ತದೆ.