ಕ್ಯಾಸಿಯೊಗೆ ಎರಡು ವೈರು

ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಅಂಬಾಮಠ ಚಿದಾನಂದಾವಧೂತರ ತಾಣ. ಅವರ ‘ದೇವಿ ಮಹಾತ್ಮೆ’ ನವರಾತ್ರಿ ಬಂತೆಂದರೆ ಉತ್ತರ ಕರ್ನಾಟಕದ ಊರೂರಿನ ಗುಡಿಗಳಲ್ಲಿ ಪುರಾಣವಾಗಿ ನಡೆಯುತ್ತದೆ. ಒಬ್ಬರು ಓದುತ್ತಾರೆ, ಒಬ್ಬರು ಅರ್ಥ ಬಿಡಿಸುತ್ತಾರೆ, ಪಕ್ಕದಲ್ಲಿ ಪೇಟಿ ಮತ್ತು ತಬಲಾ. ಈಗ ಪೇಟಿಯ ಪಕ್ಕದಲ್ಲಿ, ಎಷ್ಟೋ ಕಡೆ ಪೇಟಿಯ ಜಾಗದಲ್ಲೇ, ಕೀಬೋರ್ಡ್ ಬಂದು ಕೂತಿದೆ. ಜಾತ್ರೆಯ ರಸಮಂಜರಿಗೂ ಅದೇ, ಗಣಪತಿ ಆರ್ಕೆಸ್ಟ್ರಾಕ್ಕೂ ಅದೇ, ಸುಗ್ಗಿ ಮುಗಿದ ಮೇಲೆ ಹಳ್ಳಿ ಹುಡುಗರು ಆಡುವ ಸಾಮಾಜಿಕ ನಾಟಕಕ್ಕೂ ಅದೇ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಅದನ್ನು ಯಮಹಾ ಮಾಡಿರಲಿ, ರೋಲ್ಯಾಂಡ್ ಮಾಡಿರಲಿ, ಜನರ ಬಾಯಲ್ಲಿ ಅದು ಕ್ಯಾಸಿಯೊನೇ.

ಈಚೆಗೆ ಇದರ ಪಕ್ಕಕ್ಕೆ ಲ್ಯಾಪ್‌ಟಾಪ್ ಬಂದಿದೆ. ಜನಪದ ಹಾಡು, ಭಕ್ತಿಗೀತೆ ಕಟ್ಟಿ ಯೂಟ್ಯೂಬಿಗೆ ಹಾಕುವವರು ಕ್ಯೂಬೇಸ್, ಎಫ್‌ಎಲ್ ಸ್ಟುಡಿಯೋ, ರೀಪರ್‌ನಂಥ ಸಾಫ್ಟ್‌ವೇರ್ ಇಟ್ಟುಕೊಂಡಿರುತ್ತಾರೆ. ಅಲ್ಲಿಂದ ಹುಟ್ಟುವ ಮಾತು ಒಂದೇ: ‘ಎಲ್ಲಾ ಕಂಪ್ಯೂಟರ್‌ನ್ಯಾಗ ಸಿಗತಾವ, ಹಳೇ ಕೀಬೋರ್ಡ್ ಮಾರಿಬಿಡು.’ ಮಾರುವ ಮೊದಲು ತುಸು ಯೋಚಿಸಬೇಕು. ಆ ಹಳೇ ಕೀಬೋರ್ಡ್ ಹಾರ್ಡ್‌ವೇರ್ ಸಿಂಥಸೈಜರ್. ಅದಕ್ಕೆ ತನ್ನದೇ ಚಿಪ್ಪು, ತನ್ನದೇ ದನಿ ಇದೆ. ಎರಡು ವೈರು ಎಳೆದರೆ ಅದು ಲ್ಯಾಪ್‌ಟಾಪಿನ ಒಂದು ಅಂಗವಾಗಿ ನುಡಿಯುತ್ತದೆ. ಎರಡು ಅನ್ನುವ ಲೆಕ್ಕ ಮುಖ್ಯ. ಒಂದೇ ಎಳೆದವರಿಗೇ ತಾಪತ್ರಯ ಜಾಸ್ತಿ.

ಆ ತಾಪತ್ರಯ ಹೀಗಿರುತ್ತದೆ. ಕೀಬೋರ್ಡಿನ ಯುಎಸ್‌ಬಿ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಶಹನಾಯಿ ದನಿಯಲ್ಲಿ ಇಡೀ ಹಾಡಿನ ಬಿಜಿಎಂ ನುಡಿಸಿಯಾಯಿತು. ಪರದೆಯ ಮೇಲೆ ನೋಟ್‌ಗಳೆಲ್ಲ ಬಣ್ಣದ ಪಟ್ಟಿಗಳಾಗಿ ಕಾಣುತ್ತವೆ. ಪ್ಲೇ ಒತ್ತಿದರೆ ಕೀಬೋರ್ಡಿನ ಸ್ಪೀಕರಿನಲ್ಲಿ ಶಹನಾಯಿ ಕೇಳುತ್ತದೆ. ಎಕ್ಸ್‌ಪೋರ್ಟ್ ಮಾಡಿ ಮೊಬೈಲಿಗೆ ಹಾಕಿದರೆ ತಬಲಾ ಇದೆ, ಹಾಡಿದವರ ಕಂಠ ಇದೆ, ಶಹನಾಯಿ ಮಾತ್ರ ಇಲ್ಲ! ಸಾಫ್ಟ್‌ವೇರ್ ಕೆಟ್ಟಿದೆ ಎಂದು ಬೈದು ಪ್ರಯೋಜನವಿಲ್ಲ. ಆ ವೈರಿನಲ್ಲಿ ದನಿ ಹೋಗಿಯೇ ಇರಲಿಲ್ಲ.

ಅದರಲ್ಲಿ ಹೋಗುವುದು ಮಿಡಿ ಸಂದೇಶ. ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ ಎಂಬ ಅಂಕಿಗಳು ಅಷ್ಟೇ. ಕಾಗದದ ಮೇಲಿನ ಸ್ವರಲಿಪಿಯಲ್ಲಿ ಸ್ವರದ ಹೆಸರಿರುತ್ತದೆ, ನಾದ ಇರುವುದಿಲ್ಲ, ಮಿಡಿಯೂ ಹಾಗೆ. ನಾದ ಹುಟ್ಟುವುದು ಕೀಬೋರ್ಡಿನೊಳಗೆ. ಅದನ್ನು ಕಂಪ್ಯೂಟರಿಗೆ ತರಲು ಇನ್ನೊಂದು ವೈರು ಬೇಕು: ಕೀಬೋರ್ಡಿನ ಹಿಂದಿನ ಲೈನ್ ಔಟ್‌ನಿಂದ ಕಂಪ್ಯೂಟರಿಗೆ ದನಿ ಮುಟ್ಟಿಸುವ ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆಯ ಲೈನ್ ಇನ್‌ಗೆ, ಎಡಕ್ಕೊಂದು ಬಲಕ್ಕೊಂದು, ರೇಡಿಯೋ ಅಂಗಡಿಯವರು ಪಿ-38 ಎನ್ನುವ ದಪ್ಪ ಪಿನ್ನಿನದು. ಮೈಕ್‌ನ ಇನ್‌ಪುಟ್‌ಗೆ ಚುಚ್ಚಿದರೆ ದನಿ ಒಡೆಯುತ್ತದೆ, ಅದು ಅಷ್ಟು ಜೋರಿನ ಸಿಗ್ನಲ್ಲಿಗೆ ಮಾಡಿದ್ದಲ್ಲ. ಕೆಲವು ಹೊಸ ಕೀಬೋರ್ಡುಗಳು ಒಂದೇ ಯುಎಸ್‌ಬಿ ವೈರಿನಲ್ಲಿ ದನಿಯನ್ನೂ ಕಳಿಸುತ್ತವೆ. ನಿಮ್ಮದು ಕಳಿಸುತ್ತದೋ ಇಲ್ಲವೋ ಅದರ ಜತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ದನಿಯನ್ನು ಆಡಿಯೋ ಟ್ರ್ಯಾಕಿಗೆ ರೆಕಾರ್ಡ್ ಮಾಡಿಕೊಂಡ ಮೇಲಷ್ಟೇ ಎಕ್ಸ್‌ಪೋರ್ಟ್. ಐದು ನಿಮಿಷದ ಹಾಡು ರೆಕಾರ್ಡ್ ಆಗಲು ಐದು ನಿಮಿಷವೇ ಹಿಡಿಯುತ್ತದೆ, ಸಾಫ್ಟ್‌ವೇರಿನೊಳಗೇ ದನಿ ಹುಟ್ಟಿಸುವ ಪ್ಲಗಿನ್‌ನಂತೆ ಹತ್ತು ಸೆಕೆಂಡಿಗೆ ಮುಗಿಯುವುದಿಲ್ಲ.

ಮಿಡಿ ಹುಟ್ಟಿದ್ದೇ ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರ ಮಾತು ಒಂದಕ್ಕೆ ತಿಳಿಯದ ಕಾರಣಕ್ಕೆ. ರೋಲ್ಯಾಂಡ್ ಕಂಪನಿ ಕಟ್ಟಿದ ಜಪಾನಿನ ಇಕುತಾರೊ ಕಾಕೆಹಾಶಿ ಮತ್ತು ಅಮೆರಿಕದ ಸೀಕ್ವೆನ್ಶಿಯಲ್ ಕಂಪನಿಯ ಡೇವ್ ಸ್ಮಿತ್ ಸ್ಪರ್ಧಿಗಳಾಗಿದ್ದೂ ಮಾತಾಡಿಕೊಂಡರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ನ್ಯಾಮ್ ಎಂಬ ವಾದ್ಯ ವ್ಯಾಪಾರ ಮೇಳದಲ್ಲಿ ಸೀಕ್ವೆನ್ಶಿಯಲ್‌ನ ಪ್ರಾಫೆಟ್-600ಕ್ಕೂ ರೋಲ್ಯಾಂಡ್‌ನ ಜುಪಿಟರ್-6ಕ್ಕೂ ಐದು ಪಿನ್ನಿನ ಒಂದು ವೈರು ಕಟ್ಟಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಬಂತು. 1985ರಲ್ಲಿ ಬಂದ ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಮಿಡಿ ತೂತುಗಳು ಹುಟ್ಟಿನಿಂದಲೇ ಇದ್ದವು. ಕ್ಯೂಬೇಸ್ ಮೊದಲು ಓಡಿದ್ದು ಅದರ ಮೇಲೆ, 1989ರಲ್ಲಿ. ಅಂದರೆ ಕ್ಯೂಬೇಸ್‌ನಂಥ ಸಾಫ್ಟ್‌ವೇರ್‌ಗಳು ಮೊದಮೊದಲು ದನಿಯನ್ನೇ ಮುಟ್ಟುತ್ತಿರಲಿಲ್ಲ. ಹೊರಗಿನ ಸಿಂಥಸೈಜರ್‌ಗಳನ್ನು ನುಡಿಸುವುದೇ ಅವುಗಳ ಕೆಲಸವಾಗಿತ್ತು. ಪ್ಲಗಿನ್ ಆಮೇಲೆ ಬಂದದ್ದು.

ಯಂತ್ರಗಳನ್ನು ಜತೆಗೂಡಿಸುವ ಕೆಲಸ ನಮ್ಮ ದೇಶದಲ್ಲಿ ಮಿಡಿಗೂ ಮೊದಲೇ ನಡೆದಿತ್ತು. ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್‌ನ ಟಿಆರ್-808 ರಿದಂ ಯಂತ್ರ, ಟಿಬಿ-303 ಬೇಸ್ ಯಂತ್ರ, ಜುಪಿಟರ್-8 ಸಿಂಥಸೈಜರ್ ಮೂರನ್ನೂ ಇಟ್ಟುಕೊಂಡು ಹತ್ತು ರಾಗಗಳ ಒಂದು ರೆಕಾರ್ಡ್ ಮಾಡಿದರು. ಭೈರವಿ, ಲಲಿತ, ಮಾಲಕಂಸ, ಎಲ್ಲವೂ ಡಿಸ್ಕೋ ಲಯದಲ್ಲಿ. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಅದು ಮತ್ತೆ ಮಾರುಕಟ್ಟೆಗೆ ಬಂದಾಗ, ಅಮೆರಿಕದಲ್ಲಿ ಆಮೇಲೆ ಹುಟ್ಟಿದ ಆ್ಯಸಿಡ್ ಹೌಸ್ ಸಂಗೀತ ಇದರಲ್ಲಿ ಮೊದಲೇ ಇತ್ತಲ್ಲ ಎಂದು ವಿದೇಶದವರು ಬೆರಗಾದರು.

ಕನ್ನಡ ನೆಲದ ಲೆಕ್ಕ ಬೇರೆ. ಇಲ್ಲಿ ಎಲೆಕ್ಟ್ರಾನಿಕ್ ನಾದ ಮೊದಲು ಮನೆ ಹೊಕ್ಕದ್ದು ಶ್ರುತಿಯ ರೂಪದಲ್ಲಿ. ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ತಂಬೂರಿ ಮಾಡಿ, ರಾಡೆಲ್ ಹೆಸರಿನಲ್ಲಿ ತಂದರು. ಅದರ ಮಗ್ಗುಲಲ್ಲಿ ಕೀಬೋರ್ಡ್ ಇಟ್ಟು ರೆಕಾರ್ಡ್ ಮಾಡುವವರು ಮೊದಲು ಮಾಡಬೇಕಾದ್ದು ಶ್ರುತಿ ಕೂಡಿಸುವುದು. ಕೀಬೋರ್ಡ್ ಪೆಟ್ಟಿಗೆಯಿಂದ ಬರುವುದು ಧೈವತ 440 ಹರ್ಟ್ಜ್ ಎಂಬ ಪಾಶ್ಚಾತ್ಯ ಅಳತೆಗೆ, ಸಿ ಸ್ಕೇಲಿನಲ್ಲಿ. ತಂಬೂರಿ ಪೆಟ್ಟಿಗೆಯ ತಿರುಗಣೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಹಾಡುವವರು ತಮ್ಮ ಶ್ರುತಿ ಕರಿ ಎರಡು ಎಂದರೆ ಕೀಬೋರ್ಡಿನ ಟ್ರಾನ್ಸ್‌ಪೋಸ್ ಒತ್ತುವುದು ರೂಢಿ. ಸಾಫ್ಟ್‌ವೇರಿನಲ್ಲೂ ಟ್ರಾನ್ಸ್‌ಪೋಸ್ ಇದೆ. ಎರಡೂ ಕಡೆ ಒತ್ತಿ ಕೂತರೆ ಹಾಡು ಎಲ್ಲಿಗೋ ಹೋಗಿ ನಿಲ್ಲುತ್ತದೆ. ಒಂದೇ ಕಡೆ ಮಾಡಬೇಕು.

ಪೇಟಿಯ ಮುಂದೆ ಕೂತು ಬೆಳೆದವರಿಗೆ ಕೀಬೋರ್ಡ್ ಕೊಟ್ಟ ದೊಡ್ಡ ಸವಲತ್ತು ಎಡಗೈ ಬಳಿಯ ಆ ಪುಟ್ಟ ಚಕ್ರ, ಪಿಚ್ ಬೆಂಡ್. ಹಾರ್ಮೋನಿಯಂನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ ಎಂಬ ಆಕ್ಷೇಪ ಎಷ್ಟು ಬಲವಾಗಿತ್ತೆಂದರೆ, ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ನಿಷೇಧಿಸಿಯೇ ಇಟ್ಟಿತ್ತು. ಚಕ್ರ ತಿರುಗಿಸಿದರೆ ಮೀಂಡ್ ಬರುತ್ತದೆ, ಗಮಕ ಬರುತ್ತದೆ. ಬೆರಳಿಗೆ ಅಭ್ಯಾಸ ಬೇಕು ಅಷ್ಟೆ. ಮಿಡಿಯಲ್ಲಿ ಹೆಚ್ಚಿನ ಅಳತೆಗಳು 0ಯಿಂದ 127ರವರೆಗೆ 128 ಮೆಟ್ಟಿಲುಗಳಷ್ಟೇ ಇದ್ದರೆ, ಪಿಚ್ ಬೆಂಡ್‌ಗೆ 16,384 ಮೆಟ್ಟಿಲುಗಳಿವೆ. ಹಾಗಾಗಿ ಜಾರು ನುಣುಪಾಗಿ ಕೇಳುತ್ತದೆ.

ಕಂಪ್ಯೂಟರ್ ಜತೆ ಸೇರಿದಾಗ ಈ ಚಕ್ರಕ್ಕೆ ಎರಡು ಕಿರಿಕಿರಿ. ಚಕ್ರ ಪೂರ್ತಿ ತಿರುಗಿದರೆ ಎಷ್ಟು ಸ್ವರ ಏರಬೇಕು ಎಂಬುದನ್ನು ಸಂದೇಶ ಹೇಳುವುದಿಲ್ಲ, ಕೇಳಿಸಿಕೊಳ್ಳುವ ವಾದ್ಯ ತೀರ್ಮಾನಿಸುತ್ತದೆ. ಕೀಬೋರ್ಡಿನಲ್ಲಿ ಎರಡು ಸೆಮಿಟೋನ್ ಎಂದು ಇಟ್ಟು ನುಡಿಸಿ, ಅದನ್ನೇ ಹನ್ನೆರಡು ಎಂದು ಇಟ್ಟ ಪ್ಲಗಿನ್‌ಗೆ ಕೊಟ್ಟರೆ ಷಡ್ಜದಿಂದ ರಿಷಭಕ್ಕೆ ಜಾರಬೇಕಾದ್ದು ತಾರ ಷಡ್ಜಕ್ಕೆ ಹಾರುತ್ತದೆ. ಎರಡನೆಯದು, ಚಕ್ರ ಒಂದು ಚಾನೆಲ್ಲಿನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಎಳೆಯುತ್ತದೆ. ಎಡಗೈ ಹಿಡಿದ ಕಾರ್ಡೂ ಮೇಲಿನ ರಾಗದ ಜತೆ ವಾಲುತ್ತದೆ. ಒಂದು ಮಿಡಿ ವೈರಿನಲ್ಲಿ 16 ಚಾನೆಲ್ ಇರುವುದರಿಂದ ಕಾರ್ಡಿಗೆ ಒಂದು, ರಾಗಕ್ಕೆ ಇನ್ನೊಂದು ಕೊಟ್ಟರೆ ಮುಗಿಯಿತು.

ಆದರೆ ಮಿಡಿ ಲೋಕ ನಮ್ಮ ವಾದ್ಯಗಳಿಗೆ ಅಂಥ ಮರ್ಯಾದೆ ಏನೂ ಕೊಟ್ಟಿಲ್ಲ. ಎಲ್ಲ ಕೀಬೋರ್ಡುಗಳಲ್ಲೂ ಒಂದೇ ಸಂಖ್ಯೆಗೆ ಒಂದೇ ದನಿ ಬರಲಿ ಎಂದು 1991ರಲ್ಲಿ ಜನರಲ್ ಮಿಡಿ ಎಂಬ 128 ದನಿಗಳ ಪಟ್ಟಿ ಮಾಡಿದರು. 105ನೆಯದು ಸಿತಾರ್, 112ನೆಯದು ಶಹನಾಯಿ. ಅಲ್ಲಿಗೆ ಭಾರತದ ಪಾಲು ಮುಗಿಯಿತು. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ, ಡೊಳ್ಳು, ಹಲಗಿಗಳ ಮಾತಂತೂ ದೂರ. ಯಮಹಾದ ಪಿಎಸ್‌ಆರ್-ಐ500, ಕ್ಯಾಸಿಯೊದ ಸಿಟಿ-ಎಕ್ಸ್870ಐಎನ್‌ನಂಥ ಇಂಡಿಯನ್ ಮಾಡೆಲ್‌ಗಳು ಈ ಕೊರತೆ ನೋಡಿಕೊಂಡೇ ಬಂದವು. ಕಂಪ್ಯೂಟರ್ ಜತೆಗಿದ್ದರೆ ಇನ್ನೂ ಒಳ್ಳೆಯ ದಾರಿಯಿದೆ. ಊರಿನ ಹಲಗಿಯನ್ನೇ ಬೆಂಕಿಗೆ ಕಾಯಿಸಿ, ಮೈಕ್ ಇಟ್ಟು, ಮೆಲ್ಲಗಿನ ಪೆಟ್ಟು, ಜೋರು ಪೆಟ್ಟು, ಅಂಚಿನ ಪೆಟ್ಟು ಬೇರೆ ಬೇರೆ ರೆಕಾರ್ಡ್ ಮಾಡಿ, ಸಾಫ್ಟ್‌ವೇರಿನ ಸ್ಯಾಂಪ್ಲರ್‌ಗೆ ತುಂಬಿ ರಿದಂ ಪ್ಯಾಡಿನಿಂದ ನುಡಿಸಬಹುದು. ಆರ್ಕೆಸ್ಟ್ರಾದವರ ನೆಚ್ಚಿನ ರೋಲ್ಯಾಂಡ್ ಎಸ್‌ಪಿಡಿ-20 ಪ್ಯಾಡಿನಲ್ಲಿ ಯುಎಸ್‌ಬಿ ಇಲ್ಲ, 1999ರ ಎಕ್ಸ್‌ಪಿ-30 ಕೀಬೋರ್ಡಿನಲ್ಲೂ ಇಲ್ಲ. ಎರಡಕ್ಕೂ ಐದು ಪಿನ್ನಿನ ಮಿಡಿ ತೂತು ಇದೆ, ಮಿಡಿ-ಯುಎಸ್‌ಬಿ ವೈರು ಸಾಕು. ಆ ವೈರಿನ ಮೇಲೆ ಇನ್ ಎಂದು ಬರೆದ ಪಿನ್ನು ಸಾಮಾನ್ಯವಾಗಿ ವಾದ್ಯದ ಔಟ್‌ಗೆ ಹೋಗಬೇಕು; ಇನ್‌ಗೆ ಇನ್ ಹಾಕಿ ‘ಬರವಲ್ದು’ ಎಂದು ಕೂರುವವರೇ ಬಹಳ.

ವೈರು ಸರಿಯಾದ ಮೇಲೂ ಒಂದು ವಿಚಿತ್ರ ನಡೆಯುತ್ತದೆ. ಒಂದು ಕೀ ಒತ್ತಿದರೆ ಎರಡು ದನಿ ಒಂದರ ಮೇಲೊಂದು ಬಿದ್ದು ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಕೀ ತನ್ನ ಚಿಪ್ಪನ್ನು ನೇರವಾಗಿಯೂ ನುಡಿಸುತ್ತದೆ, ಕಂಪ್ಯೂಟರಿಗೆ ಹೋಗಿ ಮರಳಿ ಬಂದ ಸಂದೇಶವೂ ಅದೇ ಚಿಪ್ಪನ್ನು ನುಡಿಸುತ್ತದೆ. ಮೆನುವಿನಲ್ಲಿ ಲೋಕಲ್ ಆಫ್ ಮಾಡಿದರೆ ನೇರ ದಾರಿ ಮುಚ್ಚುತ್ತದೆ. ಕಾರ್ಯಕ್ರಮಕ್ಕೆ ಹೊರಡುವ ಮುನ್ನ ಮರೆಯದೆ ಲೋಕಲ್ ಆನ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ವೇದಿಕೆ ಮೇಲೆ ಕೀಬೋರ್ಡ್ ಮೂಕ.

ಇನ್ನು ತಡ. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ನೋಟ್ ಸಂದೇಶ ಹೋಗಲು ಸುಮಾರು ಒಂದು ಮಿಲಿಸೆಕೆಂಡ್. ಅದು ತೊಂದರೆಯಲ್ಲ. ತಡವಾಗುವುದು ಕಂಪ್ಯೂಟರ್ ದನಿಯನ್ನು ತುಸು ತುಸು ಕೂಡಿಟ್ಟು ಕಳಿಸುವ ಬಫರ್‌ನಲ್ಲಿ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಬಫರ್ 256 ಇದ್ದರೆ 5.8 ಮಿಲಿಸೆಕೆಂಡ್, 1024 ಇದ್ದರೆ 23. ಕೈಗೂ ಕಿವಿಗೂ ನಡುವೆ 23 ಮಿಲಿಸೆಕೆಂಡ್ ಬಂದರೆ ತಬಲಾ ಜತೆ ಕೂತವರಿಗೆ ಲಯ ಜಾರಿದಂತೆನಿಸುತ್ತದೆ. ಹೊರಗಿನ ಸಿಂಥಸೈಜರಿನ ಲಾಭ ಇಲ್ಲೇ ಇದೆ. ಅದರ ದನಿ ಕಂಪ್ಯೂಟರ್ ಸುತ್ತಿ ಬರಬೇಕಿಲ್ಲ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಹಾಕಿದರೆ ನುಡಿಸಿದ ಕೂಡಲೇ ಹೆಡ್‌ಫೋನಿಗೆ ಬರುತ್ತದೆ. ರೆಕಾರ್ಡ್ ಆದ ಟ್ರ್ಯಾಕ್ ತುಸು ಹಿಂದೆ ಬಿದ್ದಿದೆ ಅನ್ನಿಸಿದರೆ, ಪರದೆಯ ಮೇಲಿನ ತಾಳದ ಗೆರೆಗೆ ಸರಿಯಾಗಿ ಒಂದೇ ಒಂದು ಗಟ್ಟಿ ನೋಟನ್ನು ಕಂಪ್ಯೂಟರಿನಿಂದ ಕಳಿಸಿ, ಬಂದ ದನಿಯನ್ನು ದೊಡ್ಡದು ಮಾಡಿ ನೋಡಿ, ಎಷ್ಟು ಹಿಂದಿದೆಯೋ ಅಷ್ಟು ಮುಂದೆ ಸರಿಸಿದರಾಯಿತು. ಏಬಲ್ಟನ್ ಲೈವ್, ಲಾಜಿಕ್, ಕ್ಯೂಬೇಸ್‌ನ ದೊಡ್ಡ ಆವೃತ್ತಿಗಳಲ್ಲಿ ಇದಕ್ಕೆಂದೇ ಎಕ್ಸ್‌ಟರ್ನಲ್ ಇನ್‌ಸ್ಟ್ರುಮೆಂಟ್ ಎಂಬ ಏರ್ಪಾಡಿದೆ.

ಗುಂಯ್ ಎನ್ನುವ ಸದ್ದು ಈ ಕಡೆಯ ದೊಡ್ಡ ಪೀಡೆ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಬಂದು, ತೆಗೆದಾಗ ಹೋದರೆ ಕಾರಣ ಅರ್ಥಿಂಗ್ ಎಂದೇ ತಿಳಿಯಬಹುದು. ಹಳೆಯ ಮಿಡಿ ತೂತಿನಲ್ಲಿ ಸಂದೇಶ ಬೆಳಕಿನ ಮೂಲಕ ದಾಟುವ ಆಪ್ಟೋಕಪ್ಲರ್ ಇರುವುದರಿಂದ ಎರಡು ಯಂತ್ರಗಳ ಅರ್ಥ್ ಕೂಡುವುದಿಲ್ಲ. ಯುಎಸ್‌ಬಿಯಲ್ಲಿ ಆ ತಡೆ ಇಲ್ಲ. ಆದ್ದರಿಂದ ಎರಡೂ ತೂತಿರುವ ಕೀಬೋರ್ಡಿನಲ್ಲಿ ಗುಂಯ್ ಬಂದರೆ ಐದು ಪಿನ್ನಿನದನ್ನೇ ಬಳಸಿ ನೋಡಬೇಕು. ಎಲ್ಲ ಪ್ಲಗ್‌ಗಳನ್ನೂ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಬೇಕು. ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಚಾಳಿ ಮಾತ್ರ ಜೀವಕ್ಕೆ ಅಪಾಯ.

ಇಷ್ಟೆಲ್ಲ ಪಡಿಪಾಟಲು ಎಲ್ಲರಿಗೂ ಬೇಕೆಂದಲ್ಲ. ಪಿಯಾನೊ, ಸ್ಟ್ರಿಂಗ್ಸ್ ಸಾಕು ಎನ್ನುವವರಿಗೆ ಪ್ಲಗಿನ್‌ಗಳೇ ವಾಸಿ, ಹಳೆಯ ಕೀಬೋರ್ಡಿನ ಪಿಯಾನೊಗಿಂತ ಅವು ಎಷ್ಟೋ ಚೆನ್ನ. ಆದರೆ ಜನ ಕಿವಿಯಲ್ಲಿ ಹೊತ್ತು ತಿರುಗುವ ಆ ರಸಮಂಜರಿ ದನಿ ಹಾಡಿನಲ್ಲಿ ಬರಬೇಕೆಂದರೆ ಅದು ಇರುವುದು ಆ ಪೆಟ್ಟಿಗೆಯಲ್ಲೇ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ಜಾತ್ರೆ ವೇದಿಕೆಯಲ್ಲಿ ಕಾದ ಲ್ಯಾಪ್‌ಟಾಪ್ ಹಾಡಿನ ನಡುವೆ ಅಪ್‌ಡೇಟ್ ಕೇಳಬಹುದು, ಎಕ್ಸ್‌ಪಿ-30 ಕೇಳುವುದಿಲ್ಲ.

ಇಂಥ ಹಳೆಯ ಕೀಬೋರ್ಡ್ ಮನೆಯಲ್ಲಿದ್ದರೆ ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ನೀವು ವರ್ಷಗಟ್ಟಲೆ ತಿದ್ದಿ ಸೇವ್ ಮಾಡಿಟ್ಟ ಟೋನ್‌ಗಳನ್ನು ಹೆಚ್ಚಿನವುಗಳಲ್ಲಿ ಕಾಯುತ್ತಿರುವುದು ಒಳಗಿನ ಒಂದು ಬಿಲ್ಲೆಯಂಥ ಬ್ಯಾಟರಿ. ಅದು ಸತ್ತ ದಿನ ಟೋನ್‌ಗಳೂ ಹೋಗುತ್ತವೆ. ಮಿಡಿ ವೈರು ಹಾಕಿ, ಕೀಬೋರ್ಡಿನ ಮೆನುವಿನಲ್ಲಿ ಬಲ್ಕ್ ಡಂಪ್ ಹುಡುಕಿ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದು ಫೈಲ್ ಮಾಡಿಟ್ಟುಕೊಳ್ಳಿ; ಆಮೇಲೆ ಬ್ಯಾಟರಿ ಬದಲಿಸಿ.