ಹುರಿದ ದಿನ ಬರೆದ ಪೊಟ್ಟಣ

ಡ್ರಮ್ಮಿನೊಳಗೆ ಬೀಜ ಸಿಡಿಯತೊಡಗಿದರೆ ಆಕೆ ಮಾತು ನಿಲ್ಲಿಸುತ್ತಾಳೆ. ಗಿರಾಕಿ ಎದುರಿಗಿದ್ದರೂ ಅಷ್ಟೇ, ಫೋನು ಹೊಡೆದುಕೊಂಡರೂ ಅಷ್ಟೇ. ಚಟಪಟ ಸದ್ದು ಒತ್ತೊತ್ತಾಗಿ ಕೇಳಿ, ಬಿಡಿಬಿಡಿಯಾಗಿ, ಕೊನೆಗೆ ಒಂದೋ ಎರಡೋ ಉಳಿಯುವವರೆಗೂ ಕಿವಿ ಅಲ್ಲೇ. ಗ್ಯಾಸಿನ ಉರಿ ತಗ್ಗಿಸಿ, ನಾಲ್ಕು ಬೀಜ ಹೊರಗೆಳೆದು ಬಣ್ಣ ನೋಡಿ, ಮೂಗಿಗೆ ಹಿಡಿದು, ಸರಕ್ಕನೆ ಬಾಗಿಲು ತೆರೆಯುತ್ತಾಳೆ. ಐದು ಕೆಜಿ ಬೀಜ ಹೊಗೆ ಸಮೇತ ಜಾಲರಿ ತಟ್ಟೆಗೆ ಸುರಿಯುತ್ತದೆ. "ಇಲ್ಲಿ ಅರ್ಧ ನಿಮಿಷ ಮೈಮರೆತ್ರೆ ಅಪ್ಪನ ಒಂದು ವರ್ಷದ ದುಡಿಮೆ ಸೀದುಹೋಗುತ್ತೆ" ಎಂದು ಆಮೇಲೆ ನಮ್ಮ ಕಡೆ ತಿರುಗುತ್ತಾಳೆ.

ಮೂಡಿಗೆರೆಯ ಅಡ್ಡರಸ್ತೆಯೊಂದರಲ್ಲಿರುವ ಒಂದೇ ಶಟರಿನ ಕಾಫಿ ಪುಡಿ ಅಂಗಡಿ ಇದು. ನಡೆಸುತ್ತಿರುವ ಹುಡುಗಿ ಬಿ.ಕಾಂ. ಓದಿ, ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡಿ, ಅದನ್ನು ಬಿಟ್ಟು ಬಂದವಳು. ಹುರಿಯುವುದನ್ನು ಕಾಫಿ ಮಂಡಳಿಯ 'ಕಾಪಿ ಶಾಸ್ತ್ರ' ತರಬೇತಿಯಲ್ಲಿ ಕಲಿತಳು. "ನನ್ನ ಹೆಸರು, ಫೋಟೊ ಬೇಡ. ಕಾಫಿ ಬಗ್ಗೆ ಬರೀರಿ" ಎಂದಳು. ಹಾಗೇ ಆಗಲಿ.

ಅಪ್ಪನದು ನಾಲ್ಕು ಎಕರೆ ತೋಟ. ಮೇಲಿನ ಬರೆಯಲ್ಲಿ ಅರೇಬಿಕಾ, ಕೆಳಗೆ ರೊಬಸ್ಟಾ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸು. ಹೂಮಳೆ ಬಿದ್ದಿತೇ, ಕಾಂಡಕೊರಕ ಬಂದಿತೇ, ಕೊಯ್ಲಿಗೆ ಆಳು ಸಿಕ್ಕಿತೇ ಎಂಬ ಚಿಂತೆಯಲ್ಲೇ ವರ್ಷ ಉರುಳುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಬೆಳೆಗಾರರಲ್ಲಿ ಬಹುಪಾಲು ಇಂಥ ಸಣ್ಣ ಹಿಡುವಳಿದಾರರೇ.

ಹಳೆಯ ಕಥೆ ಹೇಳಿದವರು ಎಂಬತ್ತು ದಾಟಿದ ಆಕೆಯ ದೊಡ್ಡಪ್ಪ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದ ಐತಿಹ್ಯವನ್ನು ಒಂದೇ ಉಸಿರಿಗೆ ಮುಗಿಸಿ, ದೊಡ್ಡಪ್ಪ ನೇರ ಬಂದದ್ದು ಪೂಲಿನ ಕಾಲಕ್ಕೆ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದ ಕಾಫಿಯೆಲ್ಲ ಮಂಡಳಿಯ ಪೂಲಿಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಹೋಗಬೇಕಿತ್ತು. ಬೀಜಕ್ಕೆ, ಮನೆ ಖರ್ಚಿಗೆ ಒಂದಿಷ್ಟು ಇಟ್ಟುಕೊಳ್ಳಬಹುದಿತ್ತು, ಅಷ್ಟೇ. ದುಡ್ಡು ಬರುತ್ತಿದ್ದುದು ಕಾಫಿಯ ಗುಣಮಟ್ಟಕ್ಕೆ ಕೊಟ್ಟ ಪಾಯಿಂಟಿನ ಲೆಕ್ಕದಲ್ಲಿ, ಕಂತುಕಂತಾಗಿ. "ಮಗಳ ಮದುವೆ ಆಗಿ ಮೊಮ್ಮಗು ಹುಟ್ಟಿದ ಮೇಲೆ ಕೊನೇ ಕಂತು ಬಂತು" ಎಂದು ನಕ್ಕರು. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಈ ಕಟ್ಟು ಸಡಿಲಿ, ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾಯಿತು.

ಒಂದು ರೂಢಿ ಮಾತ್ರ ಉಳಿದುಬಿಟ್ಟಿತು. ಒಳ್ಳೆ ಕಾಫಿ ಬೇಳೆಯೆಲ್ಲ (ಹುರಿಯದ ಬೀಜ) ಮಾರಾಟಕ್ಕೆ. ಮನೆಗೆ ಒಡಕು, ಕರಿದು, ಕಣದಲ್ಲಿ ಗುಡಿಸಿ ಉಳಿದದ್ದು. "ನಮ್ಮ ತೋಟದ ಕಾಫಿ ರುಚಿ ಹೇಗಿರುತ್ತೆ ಅಂತ ನಂಗೆ ಇಪ್ಪತ್ನಾಲ್ಕು ವರ್ಷ ಗೊತ್ತೇ ಇರಲಿಲ್ಲ" ಎಂದಳು ಹುಡುಗಿ. ಆಕೆ ಅಂಗಡಿ ತೆರೆದದ್ದರ ಹಿಂದೆ ಇರುವುದು ಈ ಒಂದು ಮಾತು.

ಐದಾರು ಕೆಜಿ ಹಣ್ಣು ಕುಯ್ದು, ಪಲ್ಪರಿಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿ, ಸಿಪ್ಪೆ ತೆಗೆಸಿದರೆ ಒಂದು ಕೆಜಿ ಬೇಳೆ. ಹುರಿದಾಗ ಅದರಲ್ಲೂ ನೂರೈವತ್ತು ಗ್ರಾಂ ಮೇಲೆಯೇ ಹಾರಿಹೋಗುತ್ತದೆ. ಹುರಿದ ಬೀಜವನ್ನು ಒಂದು ದಿನವಾದರೂ ಆರಲು ಬಿಟ್ಟು, ಗಿರಾಕಿ ಬಂದ ಮೇಲೆಯೇ ಬೀಸುತ್ತಾಳೆ. ಪೊಟ್ಟಣದ ಮೇಲೆ ಹುರಿದ ದಿನವನ್ನು ಪೆನ್ನಿನಲ್ಲಿ ಬರೆಯುತ್ತಾಳೆ.

ಬೀಸುವ ಮುಂಚೆ ವಿಚಾರಣೆಯಿದೆ. ಸಂಜೆ ಬಂದ ಅಜ್ಜಿಯೊಬ್ಬರನ್ನು ಕೇಳಿದಳು: "ಹಾಲು ಕೊಟ್ಟಿಗೇದಾ, ಪ್ಯಾಕೆಟ್ಟಾ?"

"ಈಗೆಲ್ಲಿ ದನ ಮಾರಾಯ್ತಿ, ಪ್ಯಾಕೆಟ್ಟೇ."

"ಫಿಲ್ಟರು ಹಿತ್ತಾಳೇದಾ?"

"ಸ್ಟೀಲು. ಡಿಕಾಕ್ಷನ್ ಇಳಿಯೋದೇ ಇಲ್ಲ."

"ಹಂಗಾದ್ರೆ ಸ್ವಲ್ಪ ತರಿ ಬೀಸ್ತೀನಿ. ಚಿಕೋರಿ ಹತ್ತು ಸಾಕು ಅಜ್ಜಿ."

ಅಜ್ಜಿ ಒಂದು ಕೆಜಿ ಕೇಳಿದರೆ ಕೊಟ್ಟದ್ದು ಕಾಲು ಕೆಜಿ. "ಇದು ಮುಗೀಲಿ, ಮತ್ತೆ ಬನ್ನಿ. ಪುಡಿ ಇಟ್ಟಷ್ಟೂ ಘಮ ಹೋಗುತ್ತೆ." ಪ್ರವಾಸಕ್ಕೆ ಬಂದವರು ಐದು ಕೆಜಿ ಕೇಳಿದರೆ ಪುಡಿಯ ಬದಲು ಬೀಜ ಒಯ್ಯಲು ಹೇಳುತ್ತಾಳೆ. ಕೆಲವರು ಸಿಡುಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ವ್ಯಾಪಾರ ತಪ್ಪಿದರೂ ಸರಿ, ಕೊಟ್ಟ ಪುಡಿ ಕೆಡಬಾರದು ಎನ್ನುವ ಈ ಹಟ ನನಗೆ ಬಹಳ ಹಿಡಿಸಿತು.

ಹಟಕ್ಕೆ ಬೆಲೆಯೂ ಇದೆ. 2024ರಿಂದ ಕಾಫಿ ಧಾರಣೆ ದಾಖಲೆ ಮಟ್ಟಕ್ಕೆ ಏರಿತು. ತೋಟದಲ್ಲಿ ಅಪ್ಪ ಸಂತೋಷಪಟ್ಟರೆ ಅಂಗಡಿಯಲ್ಲಿ ಮಗಳಿಗೆ ಸಂಕಟ. ಬೇಳೆಯನ್ನು ಹಾಗೇ ಮಾರಿದ್ದರೆ ಕೈತುಂಬ ಕಾಸು. ಪುಡಿ ಮಾಡಿ ಬೆಲೆ ಏರಿಸಿದರೆ ಗಿರಾಕಿ ಹಿಂದೆ ಸರಿಯುತ್ತಾನೆ. ಚಿಕೋರಿ ಹೆಚ್ಚಿಸಿ ಬೆಲೆ ಇಳಿಸುವ ದಾರಿ ಎಲ್ಲರಿಗೂ ತೆರೆದಿದೆ. ಮಿಶ್ರಣದಲ್ಲಿ ಕಾಫಿ ಶೇ 51 ಇದ್ದರೆ ಕಾನೂನಿಗೆ ಸಾಕು. ಚಿಕೋರಿ ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಗೆಡ್ಡೆ. ಡಿಕಾಕ್ಷನ್‌ಗೆ ಬಣ್ಣ, ಗಟ್ಟಿತನ ಕೊಡುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಅರ್ಧಕ್ಕರ್ಧ ಅದನ್ನೇ ಸೇರಿಸಿದ ಮೇಲೆ ಮೂಡಿಗೆರೆಯ ಅರೇಬಿಕಾಗೆ ಉಳಿಯುವ ಜಾಗ ಎಷ್ಟು? ಶೇ 20ರ ಮೇಲೆ ಹಾಕುವುದಿಲ್ಲ ಎಂದು ಈಕೆ ಗೋಡೆಗೆ ಬರೆದು ಅಂಟಿಸಿದ್ದಾಳೆ. ತಿಂಗಳ ಕೊನೆಗೆ ಉಳಿಯುವುದು ಬೆಂಗಳೂರಿನ ಸಂಬಳಕ್ಕಿಂತ ಕಡಿಮೆ.

ದೊಡ್ಡಪ್ಪನ ಹರೆಯದಲ್ಲಿ ಮಲೆನಾಡಿನ ಹೆಂಗಸರು ಒಲೆಯ ಮೇಲೆ ಬಾಣಲೆಯಿಟ್ಟು ಬೀಜ ಹುರಿಯುತ್ತಿದ್ದರಂತೆ. ಈಗ ತೋಟದ ಮನೆಗಳಿಗೂ ದೂರದ ಕಂಪನಿಯ ಪೊಟ್ಟಣವೇ ಬರುತ್ತದೆ. ಕಾಫಿ ಬೆಳೆಯುವ ಊರಲ್ಲೇ ಆ ಊರಿನ ಕಾಫಿ ಸಿಗುವಂತೆ ಮಾಡಿದ ಅಂಗಡಿ ನಿಲ್ಲಬೇಕಾದರೆ ಕೊಳ್ಳುವವರೂ ಸ್ವಲ್ಪ ಗಮನ ಕೊಡಬೇಕು. ಮುಂದಿನ ಸಲ ಪುಡಿ ಕೊಳ್ಳುವಾಗ ಬೀಜ ಯಾವ ಊರಿನದು, ಹುರಿದದ್ದು ಯಾವತ್ತು, ಚಿಕೋರಿ ಎಷ್ಟು ಎಂದು ಕೇಳಿ. ತಡವರಿಸದೆ ಉತ್ತರ ಕೊಡುವ ಅಂಗಡಿ ನಿಮ್ಮೂರಿನಲ್ಲಿದ್ದರೆ, ನಾಲ್ಕು ಕಾಸು ಹೆಚ್ಚಾದರೂ ಕಾಲು ಕೆಜಿ ಅಲ್ಲಿಂದಲೇ ತನ್ನಿ.